ಎರಡು ಸಲ ನಿಂತ ಇಂಜಿನ್: ಬೆರಿಲ್ ಮಾರ್ಕಮ್

ಅಪ್ಪನ ಹಳೆ ಬೈಕಿನಲ್ಲಿ ಗಾಡಿ ಕಲಿತವರಿಗೆಲ್ಲ ಈ ಅನುಭವ ಇದ್ದೇ ಇರುತ್ತೆ. ಬೈಕ್ ಚೆನ್ನಾಗಿ ಹೋಗ್ತಾ ಇರುತ್ತೆ, ಇದ್ದಕ್ಕಿದ್ದಂತೆ ಒಂದೆರಡು ಸಲ ಕೆಮ್ಮುತ್ತೆ, ಎಳೆತ ಕಮ್ಮಿ ಆಗುತ್ತೆ. ಎಡಗೈ ತಾನಾಗಿಯೇ ಟ್ಯಾಂಕಿನ ಕೆಳಗೆ ಹೋಗಿ ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ ತಿರುಗಿಸುತ್ತೆ. ಇನ್ನೂ ಎರಡು ಸಲ ಕೆಮ್ಮಿ ಇಂಜಿನ್ ಮತ್ತೆ ಹಿಡ್ಕೊಳ್ಳುತ್ತೆ. ಈಗಿನ ಗಾಡಿಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಬಂದು ಆ ಕಾಕೇ ಮಾಯವಾಗಿದೆ. ಮೊನ್ನೆ ಫಸ್ಟ್ ಇಯರ್ ಹುಡುಗನೊಬ್ಬ ರಿಸರ್ವ್ ಅಂದ್ರೆ ಏನು ಅಂತ ಕೇಳಿದಾಗ ನಮಗೇ ವಯಸ್ಸಾದ ಹಾಗೆ ಅನಿಸಿತು.

ಈಗ ಅದೇ ದೃಶ್ಯವನ್ನು ಸ್ವಲ್ಪ ಬದಲಾಯಿಸೋಣ. ಕೆಳಗೆ ರಸ್ತೆ ಇಲ್ಲ, ಅಟ್ಲಾಂಟಿಕ್ ಸಾಗರ ಇದೆ. ಎತ್ತರ ಸುಮಾರು 2000 ಅಡಿ. ರಾತ್ರಿ, ಮೋಡ, ಮಳೆ. ವಿಮಾನಕ್ಕೆ ಇರೋದು ಒಂದೇ ಇಂಜಿನ್, ಒಳಗೆ ಇರೋದು ಒಬ್ಬಳೇ ಹೆಂಗಸು, ಜೊತೆಗೆ ರೇಡಿಯೋ ಕೂಡ ಇಲ್ಲ. ಇಂಜಿನ್ ಕೆಮ್ಮಿತು, ನಿಂತಿತು. ಅದು 1936ರ ಸೆಪ್ಟೆಂಬರ್ 4ರ ರಾತ್ರಿ. ಆಕೆಯ ಹೆಸರು ಬೆರಿಲ್ ಮಾರ್ಕಮ್.

ವಿಮಾನ, ಹೆಂಗಸು, ಸಾಗರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅಮೀಲಿಯಾ ಇಯರ್‌ಹಾರ್ಟ್. ನಾವೂ ಮೊದಲು ಆಕೆಯ ಬಗ್ಗೆಯೇ ಬರೆಯೋಣ ಅಂದ್ಕೊಂಡಿದ್ವಿ. ಮನಸ್ಸು ಬದಲಾಗಿದ್ದು ನಮ್ಮ ಲ್ಯಾಬಿನಲ್ಲಿ ಆದ ಒಂದು ಸಣ್ಣ ಅವಮಾನದಿಂದ. ಹೋದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಮೇಲೆ ರೀಡಿಂಗ್ ತಗೊಳ್ತಾ ಇದ್ವಿ. ಇಂಜಿನ್ ಕೆಮ್ಮಿ ನಿಂತುಬಿಡ್ತು. ವೈವಾಕ್ಕೆ ಅಂತ ಬಾಯಿಪಾಠ ಮಾಡಿದ್ದ ಕಾರಣಗಳಲ್ಲಿ ಒಂದೂ ತಲೆಗೆ ಬರಲಿಲ್ಲ, ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತ್ವಿ. ಲ್ಯಾಬಿನ ಅಣ್ಣ ಬಂದು ಒಂದೇ ಬೆರಳಲ್ಲಿ ಫ್ಯೂಯಲ್ ಕಾಕ್ ತೆರೆದರು. ಯಾರದೋ ಬ್ಯಾಗ್ ತಗುಲಿ ಅದು ಮುಚ್ಚಿಕೊಂಡಿತ್ತು. ಕಾರ್ಬ್ಯುರೇಟರ್‌ನಲ್ಲಿ ಉಳಿದಿದ್ದ ಪೆಟ್ರೋಲ್ ಮುಗಿಯೋ ತನಕ ಓಡಿ ಆಮೇಲೆ ನಿಂತಿದ್ದು, ಅಷ್ಟೇ. ನೆಲದ ಮೇಲೆ, ಬೆಳಕಿನಲ್ಲಿ, ಐದು ಜನಕ್ಕೆ ಕಾಣದ ಕಾಕ್ ಅದು. ಬೆರಿಲ್ ಕಥೆ ಓದಿದ್ದು ಅದೇ ವಾರ. ಹಾಗಾಗಿ ಈ ಲೇಖನ.

ಬೆರಿಲ್ ಹುಟ್ಟಿದ್ದು 1902ರ ಅಕ್ಟೋಬರ್ 26ರಂದು, ಇಂಗ್ಲೆಂಡಿನ ರಟ್ಲಂಡ್ ಪ್ರಾಂತ್ಯದ ಆಶ್‌ವೆಲ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಚಾರ್ಲ್ಸ್ ಕ್ಲಟರ್‌ಬಕ್ ಕುದುರೆ ಪಳಗಿಸೋ ಮನುಷ್ಯ. ಮಗಳು ಇನ್ನೂ ಪುಟ್ಟವಳಿದ್ದಾಗಲೇ ಆತ ಬ್ರಿಟಿಷ್ ಪೂರ್ವ ಆಫ್ರಿಕಾಕ್ಕೆ, ಅಂದ್ರೆ ಇವತ್ತಿನ ಕೀನ್ಯಾಕ್ಕೆ ಹೋಗಿ ಎನ್‌ಜೋರೋ ಅನ್ನೋ ಕಡೆ ಕಾಡು ಕಡಿದು ಫಾರ್ಮ್ ಮಾಡಿದ. ಅಮ್ಮನಿಗೆ ಆ ಊರು ಒಗ್ಗಲಿಲ್ಲ. ಮಗನನ್ನು ಕರ್ಕೊಂಡು ಇಂಗ್ಲೆಂಡಿಗೆ ವಾಪಸ್ ಹೋದಳು. ಮಗಳು ಅಪ್ಪನ ಹತ್ತಿರ ಉಳಿದಳು.

ಅಪ್ಪನಿಗೆ ಕೆಲಸದ ಮೇಲೆ ಕೆಲಸ. ಹುಡುಗಿ ಬೆಳೆದಿದ್ದು ಪೂರ್ತಿ ಆಫ್ರಿಕನ್ ಮಕ್ಕಳ ಜೊತೆ. ಅವರ ಭಾಷೆ ಕಲಿತಳು, ಬರಿಗಾಲಲ್ಲಿ ಓಡಿದಳು, ಗಂಡು ಹುಡುಗರ ಸಮಕ್ಕೆ ಈಟಿ ಹಿಡಿದು ಬೇಟೆಗೆ ಹೋದಳು. ನೆರೆಯವರು ಸಾಕಿದ್ದ ಒಂದು ಸಿಂಹ ಸಾಕಿದ್ದನ್ನು ಮರೆತು ಈಕೆಯ ಮೇಲೆ ಎರಗಿದ್ದೂ ಉಂಟು. ಹೇಗೋ ಬದುಕಿದಳು. ಶಾಲೆ ಮಾತ್ರ ಹತ್ತಲಿಲ್ಲ. ನೈರೋಬಿಯ ಶಾಲೆಗೆ ಹಾಕಿದರೆ ಅವರೇ ವಾಪಸ್ ಕಳಿಸಿದರು. ಫಾರ್ಮಿನಲ್ಲಿ ಅಪ್ಪ ಹಳೆಯ ಸ್ಟೀಮ್ ಇಂಜಿನ್‌ಗಳನ್ನು ತಂದು ಹಿಟ್ಟಿನ ಗಿರಣಿ ನಡೆಸ್ತಾ ಇದ್ದ. ಆಕೆ ನೋಡಿದ ಮೊದಲ ಇಂಜಿನ್‌ಗಳು ಅವೇ ಇರಬೇಕು.

ಮಳೆ ಕೈಕೊಟ್ಟು ಬರ ಬಿದ್ದಾಗ ಅಪ್ಪನ ಫಾರ್ಮ್ ಮುಳುಗಿತು. ಸಾಲ ತೀರಿಸೋಕೆ ಎಲ್ಲ ಮಾರಿ ಆತ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೊರಟ. ಬೆರಿಲ್ ಹೋಗಲಿಲ್ಲ. ಹೆಚ್ಚುಕಮ್ಮಿ ನಮ್ಮ ವಯಸ್ಸಿಗೆ, ಅಂದ್ರೆ ನಾವು ಎಂ-3 ಬ್ಯಾಕ್‌ಲಾಗ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ವಯಸ್ಸಿಗೆ, ಆಕೆ ರೇಸ್ ಕುದುರೆಗಳ ಟ್ರೇನರ್ ಲೈಸೆನ್ಸ್ ತಗೊಂಡಳು. ಕೀನ್ಯಾದಲ್ಲಿ ಆ ಲೈಸೆನ್ಸ್ ಪಡೆದ ಮೊದಲ ಮಹಿಳೆ. ಬೇರೆಯವರು ಆಸೆ ಬಿಟ್ಟಿದ್ದ, ಕಾಲಿನ ನರ ಹಾಳಾಗಿದ್ದ ವೈಸ್ ಚೈಲ್ಡ್ ಅನ್ನೋ ಹೆಣ್ಣುಕುದುರೆಯನ್ನು ತಿಂಗಳುಗಟ್ಟಲೆ ಆರೈಕೆ ಮಾಡಿ ಅಲ್ಲಿನ ದೊಡ್ಡ ರೇಸ್ ಗೆಲ್ಲಿಸಿದಳು. ಯಾವ ಕಾಲಿಗೆ ಎಷ್ಟು ಭಾರ ತಡೆಯುತ್ತೆ ಅಂತ ಕೈಯಿಂದ ಮುಟ್ಟಿ ತಿಳ್ಕೊಳ್ಳೋ ಕೆಲಸ ಅದು. ಮುಂದೆ ವಿಮಾನದ ಇಂಜಿನ್ ಹತ್ತಿರವೂ ಆಕೆಗೆ ಇದೇ ಕಿವಿ, ಇದೇ ಕೈ ಉಪಯೋಗಕ್ಕೆ ಬಂತು ಅಂತ ನಮ್ಮ ಅನಿಸಿಕೆ.

ಮದುವೆಗಳ ವಿಷಯ ಬೇಗ ಮುಗಿಸ್ತೀವಿ. ಹದಿನಾರಕ್ಕೇ ಒಂದು ಮದುವೆ, ಮುರಿಯಿತು. ಎರಡನೆಯದು ಮ್ಯಾನ್ಸ್‌ಫೀಲ್ಡ್ ಮಾರ್ಕಮ್ ಜೊತೆ, ಒಬ್ಬ ಮಗ ಹುಟ್ಟಿದ, ಅದೂ ಮುರಿಯಿತು, ಹೆಸರು ಮಾತ್ರ ಉಳಿಯಿತು. ಮೂರನೆಯದು ಮುಂದೆ ಅಮೆರಿಕದಲ್ಲಿ. ಆಕೆಯ ಬಗ್ಗೆ ಬರೆಯುವವರು ಈ ಭಾಗಕ್ಕೇ ಅರ್ಧ ಪುಸ್ತಕ ಕೊಡ್ತಾರೆ. ನಮಗೆ ಇಂಜಿನ್ ಹೆಚ್ಚು ಮುಖ್ಯ.

ವಿಮಾನ ಕಲಿಸಿದ್ದು ಟಾಮ್ ಕ್ಯಾಂಪ್‌ಬೆಲ್ ಬ್ಲ್ಯಾಕ್. ನೈರೋಬಿಯ ವಿಲ್ಸನ್ ಏರ್‌ವೇಸ್‌ನ ಪೈಲಟ್. ಸುಡಾನಿನ ಜೌಗು ಪ್ರದೇಶದಲ್ಲಿ ಇಳಿದು ಸಿಕ್ಕಿಹಾಕಿಕೊಂಡಿದ್ದ ಜರ್ಮನ್ ಪೈಲಟ್ ಅರ್ನ್‌ಸ್ಟ್ ಊಡೆಟ್‌ನನ್ನು 1931ರಲ್ಲಿ ಆಕಾಶದಿಂದಲೇ ಹುಡುಕಿ ಉಳಿಸಿದವನು ಇವನೇ. 1934ರ ಲಂಡನ್-ಮೆಲ್ಬರ್ನ್ ರೇಸನ್ನು ಜೊತೆಗಾರ ಸ್ಕಾಟ್ ಜೊತೆ ಗೆದ್ದವನೂ ಇವನೇ. ಟಾಮ್ ಕಲಿಸೋ ರೀತಿ ಸ್ವಲ್ಪ ಬೇರೆ. ಶಿಷ್ಯೆ ತಪ್ಪು ಮಾಡುವಾಗ ತಕ್ಷಣ ಕೈ ಹಾಕಿ ಸರಿ ಮಾಡ್ತಾ ಇರಲಿಲ್ಲ. ತಪ್ಪು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಆಕೆಗೇ ಕಾಣೋ ತನಕ ಸುಮ್ಮನಿದ್ದು, ಕೊನೇ ಗಳಿಗೆಯಲ್ಲಿ ಕಂಟ್ರೋಲ್ ಹಿಡಿಯುತ್ತಿದ್ದ.

ಆಕೆ ಕಲಿಯುತ್ತಿದ್ದಾಗಲೇ ಒಂದು ಸಾವು ಆಯಿತು. ಔಟ್ ಆಫ್ ಆಫ್ರಿಕಾ ಸಿನಿಮಾ ನೋಡಿದವರಿಗೆ ಡೆನಿಸ್ ಫಿಂಚ್ ಹ್ಯಾಟನ್ ಹೆಸರು ಗೊತ್ತಿರುತ್ತೆ. ಆತ ಬೆರಿಲ್‌ಗೂ ತುಂಬ ಹತ್ತಿರದವನು. 1931ರ ಮೇ ತಿಂಗಳಲ್ಲಿ ತನ್ನ ಜಿಪ್ಸಿ ಮಾತ್ ವಿಮಾನದಲ್ಲಿ ವೋಯಿ ಕಡೆ ಹೋಗಿ ಆನೆ ಹಿಂಡು ಹುಡುಕೋಣ ಬಾ ಅಂತ ಬೆರಿಲ್‌ಳನ್ನು ಕರೆದ. ಯಾಕೋ ಮನಸ್ಸು ಸರಿ ಇಲ್ಲ, ಇವತ್ತು ಹೋಗಬೇಡ ಅಂತ ಟಾಮ್ ತಡೆದ. ಆಕೆ ಹೋಗಲಿಲ್ಲ. ಮೇ 14ರಂದು ವೋಯಿಯಲ್ಲಿ ಮೇಲೆದ್ದ ಸ್ವಲ್ಪ ಹೊತ್ತಿಗೇ ಆ ವಿಮಾನ ಬಿದ್ದು ಫಿಂಚ್ ಹ್ಯಾಟನ್ ಮತ್ತು ಜೊತೆಗಿದ್ದ ಕೆಲಸದಾಳು ಕಮಾವ್ ಇಬ್ಬರೂ ಸತ್ತರು. ಇಷ್ಟಾದ ಮೇಲೂ ಬೆರಿಲ್ ಕಲಿಯೋದು ಬಿಡಲಿಲ್ಲ. ಅದೇ ವರ್ಷ ಲೈಸೆನ್ಸ್ ಬಂತು. 1933ರಲ್ಲಿ ಬಾಡಿಗೆಗೆ ಹಾರಿಸೋ ಕಮರ್ಷಿಯಲ್ ಲೈಸೆನ್ಸ್ ಕೂಡ.

ಆ ಲೈಸೆನ್ಸಿಗೆ ಹಾರಿಸೋದು ಬಂದರೆ ಸಾಲದು, ಇಂಜಿನ್ ಕೂಡ ಗೊತ್ತಿರಬೇಕಿತ್ತು. ಯಾಕೆ ಅಂತ ಆಕೆಯ ಕೆಲಸ ನೋಡಿದರೆ ತಿಳಿಯುತ್ತೆ. ಆವ್ರೋ ಏವಿಯನ್ ಅನ್ನೋ ಎರಡು ಸೀಟಿನ, ತೆರೆದ ಕಾಕ್‌ಪಿಟ್ಟಿನ ಪುಟ್ಟ ವಿಮಾನದಲ್ಲಿ ಟಪಾಲು, ಔಷಧಿ, ಚಿನ್ನದ ಗಣಿಯವರ ಸಾಮಾನು ಸಾಗಿಸೋದು. ಬೇಟೆಗೆ ಬಂದ ಸಾಹೇಬರಿಗೆ ಮೇಲಿನಿಂದ ಆನೆ ಹಿಂಡು ತೋರಿಸೋದು. ಇಳಿಯೋಕೆ ರನ್‌ವೇ ಅಂತ ಇರ್ತಾ ಇರಲಿಲ್ಲ, ಹುಲ್ಲುಗಾವಲು ಅಷ್ಟೇ, ರಾತ್ರಿಯಾದರೆ ಅಲ್ಲಲ್ಲಿ ಬೆಂಕಿ ಹಚ್ಚಿ ಗುರುತು. ಪ್ಲಗ್‌ಗೆ ಮಸಿ ಹಿಡಿದರೂ, ಜೆಟ್‌ನಲ್ಲಿ ಕಸ ಸಿಕ್ಕರೂ ಕರೆಯೋಕೆ ಮೆಕ್ಯಾನಿಕ್ ಇಲ್ಲ. ಹೀಗೆ ಸೆರೆಂಗೆಟಿಯಲ್ಲಿ ಇಳಿದು ಉಳಿದುಬಿಟ್ಟಿದ್ದ ಇನ್ನೊಬ್ಬ ಪೈಲಟ್‌ನನ್ನು ಆಕೆ ಹುಡುಕಿ ಕರ್ಕೊಂಡು ಬಂದಿದ್ದೂ ಇದೆ. ಬಾಯಾರಿ ಸಾಯೋದು ಅಲ್ಲಿ ಕಥೆಯ ಮಾತಾಗಿರಲಿಲ್ಲ.

ಇನ್ನು 1936. ಕೀನ್ಯಾದ ಶ್ರೀಮಂತ ಜಾನ್ ಕಾರ್ಬೆರಿ ಒಂದು ಊಟದ ಹೊತ್ತಲ್ಲಿ ಮಾತಿಗೆ ಮಾತು ಬೆಳೆದು ಒಂದು ಸವಾಲು ಹಾಕಿದ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಒಬ್ಬಳೇ, ಎಲ್ಲೂ ಇಳಿಯದೆ ಹೋಗೋದಾದರೆ ವಿಮಾನ ನಾನು ಕೊಡ್ತೀನಿ ಅಂದ. ವಿಮಾನ ದಾನ ಅಲ್ಲ, ಸಾಲ. ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗೋ ಪೋರ್ಟ್ಸ್‌ಮತ್-ಜೊಹಾನ್ಸ್‌ಬರ್ಗ್ ರೇಸಿಗೆ ಅದನ್ನು ವಾಪಸ್ ತಂದುಕೊಡಬೇಕು.

ಇಲ್ಲಿ ಒಂದು ವಿಷಯ. ಅಮೀಲಿಯಾ ಇಯರ್‌ಹಾರ್ಟ್ 1932ರಲ್ಲಿ ಅಟ್ಲಾಂಟಿಕ್ ದಾಟಿದ್ದು ಪಶ್ಚಿಮದಿಂದ ಪೂರ್ವಕ್ಕೆ. ಅಲ್ಲಿ ಗಾಳಿ ಸಾಮಾನ್ಯವಾಗಿ ಬೀಸೋದೂ ಅದೇ ದಿಕ್ಕಿಗೆ, ಬೆನ್ನು ತಳ್ಳುತ್ತೆ. ಬೆರಿಲ್ ಹೊರಟಿದ್ದು ಎದುರು ದಿಕ್ಕಿಗೆ. ಗಂಟೆಗೆ 40 ಮೈಲಿ ಎದುರುಗಾಳಿ ಅಂದ್ರೆ, 150 ಮೈಲಿ ವೇಗದ ವಿಮಾನಕ್ಕೆ ನೆಲದ ಲೆಕ್ಕದಲ್ಲಿ ಉಳಿಯೋದು 110. ಹಾಗಾಗಿ ಅದೇ ದೂರಕ್ಕೆ ಹೆಚ್ಚು ಹೊತ್ತು ಬೇಕು, ಹೆಚ್ಚು ಹೊತ್ತಿಗೆ ಹೆಚ್ಚು ಪೆಟ್ರೋಲ್ ಬೇಕು, ಹೆಚ್ಚು ಪೆಟ್ರೋಲ್ ಅಂದ್ರೆ ಹೆಚ್ಚು ಭಾರ. ಜಿಮ್ ಮಾಲಿಸನ್ 1932ರಲ್ಲಿ ಐರ್ಲೆಂಡಿನಿಂದ ಈ ದಿಕ್ಕಿಗೆ ಒಬ್ಬನೇ ದಾಟಿದ್ದ. ಹೆಂಗಸರು ಯಾರೂ ಒಬ್ಬರೇ ದಾಟಿರಲಿಲ್ಲ.

ವಿಮಾನ ಪರ್ಸಿವಲ್ ಕಂಪನಿಯ ವೇಗಾ ಗಲ್. ನಾಲ್ಕು ಜನ ಕೂರೋ, ಮರದ ಮೈಯ, ಖಾಸಗಿ ಬಳಕೆಯ ವಿಮಾನ. ಹೆಸರು ದ ಮೆಸೆಂಜರ್. ಇಂಜಿನ್ ಡಿ ಹ್ಯಾವಿಲೆಂಡ್ ಜಿಪ್ಸಿ ಸಿಕ್ಸ್, ಗಾಳಿಯಿಂದ ತಣ್ಣಗಾಗೋ ಆರು ಸಿಲಿಂಡರ್, ಒಂಬತ್ತು ಲೀಟರ್ ಚಿಲ್ಲರೆ, 200 ಹಾರ್ಸ್‌ಪವರ್. ಇದರ ಸಿಲಿಂಡರ್‌ಗಳು ತಲೆಕೆಳಗು. ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರ್ ಹೆಡ್ ಕೆಳಗೆ. ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರಲಿ, ಪೈಲಟ್‌ಗೆ ಮುಂದೆ ಚೆನ್ನಾಗಿ ಕಾಣಲಿ ಅಂತ. ಪ್ರತಿ ಸಿಲಿಂಡರ್‌ಗೆ ಎರಡು ಪ್ಲಗ್, ಒಟ್ಟು ಎರಡು ಮ್ಯಾಗ್ನೆಟೋ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಇವತ್ತಿನ ಸಣ್ಣ ವಿಮಾನಗಳಲ್ಲೂ ಹೆಚ್ಚಾಗಿ ಇದೇ ಪದ್ಧತಿ.

ಅಟ್ಲಾಂಟಿಕ್‌ಗೆ ಅಂತ ಹೆಚ್ಚುವರಿ ಟ್ಯಾಂಕ್‌ಗಳನ್ನು ಹಾಕಿಸಿದ್ದರು. ರೆಕ್ಕೆಯಲ್ಲಿ, ಹೊಟ್ಟೆಯಲ್ಲಿ, ಸೀಟು ಕಿತ್ತ ಜಾಗದಲ್ಲಿ. ಎಲ್ಲ ಸೇರಿ ಸಾವಿರ ಲೀಟರಿಗೂ ಮೀರಿ ಪೆಟ್ರೋಲ್. ಪ್ರತಿ ಟ್ಯಾಂಕಿಗೂ ಒಂದೊಂದು ಕಾಕ್. ಹೊಸ ಟ್ಯಾಂಕ್‌ಗಳಿಗೆ ಗೇಜ್ ಮಾತ್ರ ಇರಲಿಲ್ಲ. ಒಂದು ಟ್ಯಾಂಕ್ ಪೂರ್ತಿ ಖಾಲಿಯಾಗಿ ಇಂಜಿನ್ ಕೆಮ್ಮೋ ತನಕ ಕಾಯಬೇಕು, ಆಮೇಲೆ ಅದನ್ನು ಮುಚ್ಚಿ ಮುಂದಿನದನ್ನು ತೆರೆಯಬೇಕು. ಮಧ್ಯೆ ಇಂಜಿನ್ ನಿಂತರೂ ನಿಲ್ಲಬಹುದು, ಮತ್ತೆ ಹಿಡಿಯುತ್ತೆ, ಹೆದರಬೇಡ ಅಂತ ವಿಮಾನ ಕಟ್ಟಿದವರೇ ಹೇಳಿಕೊಟ್ಟಿದ್ದರು. ಕೇಳೋಕೆ ಹುಚ್ಚಾಟ ಅನಿಸುತ್ತೆ. ಆದರೆ ಯೋಚಿಸಿದರೆ ಬೇರೆ ದಾರಿ ಇಲ್ಲ. ಗೇಜ್ ಇಲ್ಲದೆ ಪ್ರತಿ ಟ್ಯಾಂಕಿನ ತಳದಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಂಡು ಹೋದರೆ, ಕೊನೆಗೆ ಎಲ್ಲೆಲ್ಲಿ ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿರಲ್ಲ.

ಹವೆ ಕೆಟ್ಟಿತ್ತು. ದಿನಗಟ್ಟಲೆ ಕಾದಳು. ಕೊನೆಗೆ ಸೆಪ್ಟೆಂಬರ್ 4ರ ಸಂಜೆ ಇಂಗ್ಲೆಂಡಿನ ಆಬಿಂಗ್ಡನ್ ವಾಯುನೆಲೆಯಿಂದ ಹೊರಟೇಬಿಟ್ಟಳು. ಮಾಲಿಸನ್ ತನ್ನ ಜೊತೆ ಅಟ್ಲಾಂಟಿಕ್ ದಾಟಿದ್ದ ಕೈಗಡಿಯಾರವನ್ನು ಬಿಚ್ಚಿ ಕೊಟ್ಟ. ಒದ್ದೆ ಮಾಡದೆ ವಾಪಸ್ ಕೊಡಬೇಕು ಅಂತ ಷರತ್ತು. ಐರ್ಲೆಂಡ್ ದಾಟಿ ಕೊನೆಯ ಲೈಟ್‌ಹೌಸ್ ಹಿಂದೆ ಸರಿದ ಮೇಲೆ ಬರೀ ಕತ್ತಲು.

ಮೊದಲ ಟ್ಯಾಂಕ್ ಮುಗಿದಿದ್ದು ಆಗ. ಈ ಲೇಖನ ಶುರು ಮಾಡಿದ ಜಾಗಕ್ಕೆ ಬಂದ್ವಿ.

ಇಂಜಿನ್ ನಿಲ್ಲುತ್ತೆ ಅಂತ ಆಕೆಗೆ ಮೊದಲೇ ಗೊತ್ತಿತ್ತು. ಆದರೂ ಗಂಟೆಗಟ್ಟಲೆ ಕಿವಿ ತುಂಬಿದ್ದ ಸದ್ದು ಸಮುದ್ರದ ಮೇಲೆ ಒಮ್ಮೆಗೇ ನಿಂತಾಗ ಭಯಕ್ಕಿಂತ ಮೊದಲು ಏನೂ ತೋಚದ ಒಂದು ಶೂನ್ಯ ಬಂತು ಅಂತ ಆಕೆ ಮುಂದೆ ಬರೆದಿದ್ದಾಳೆ. ಆ ಕ್ಷಣಕ್ಕೆ ಯಾವ ಮನುಷ್ಯನಿಗಾದರೂ ಬರೋ ಮೊದಲ ಆಸೆ ಸ್ಟಿಕ್ ಹಿಂದಕ್ಕೆ ಎಳೆದು ಮೂತಿ ಮೇಲೆತ್ತೋದು. ಕೆಳಗೆ ನೀರಿದೆ, ಮೇಲೆ ಹೋಗಬೇಕು, ಅಷ್ಟೇ ಲೆಕ್ಕ. ಎಳೆದರೆ ಸತ್ತ ಹಾಗೆ. ಇಂಜಿನ್ ಇಲ್ಲದೆ ಮೂತಿ ಎತ್ತಿದರೆ ವೇಗ ಬೀಳುತ್ತೆ, ವೇಗ ಬಿದ್ದರೆ ರೆಕ್ಕೆ ಎತ್ತೋದನ್ನು ನಿಲ್ಲಿಸುತ್ತೆ, ವಿಮಾನ ಕಲ್ಲಿನ ಹಾಗೆ ಬೀಳುತ್ತೆ. ಇದನ್ನೇ ಸ್ಟಾಲ್ ಅನ್ನೋದು. ಬೈಕ್ ಆಫ್ ಆದಾಗ ನಾವು ಹೇಳೋ ಸ್ಟಾಲ್ ಬೇರೆ, ಇದು ರೆಕ್ಕೆಯ ಸ್ಟಾಲ್. ಹಾಗಾಗಿ ಮಾಡಬೇಕಾದದ್ದು ಮನಸ್ಸು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಸ್ಟಿಕ್ ಮುಂದಕ್ಕೆ ಒತ್ತಬೇಕು, ಕಾಣದ ಸಮುದ್ರದ ಕಡೆಗೇ ಮೂತಿ ತಿರುಗಿಸಬೇಕು. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಡೋ ಹಾಗೆ, ಎತ್ತರ ಕೊಟ್ಟು ವೇಗ ಕೊಳ್ಳಬೇಕು. 2000 ಅಡಿ ಅಂದ್ರೆ ಹೆಚ್ಚೆಂದರೆ ಒಂದೆರಡು ನಿಮಿಷದ ವ್ಯಾಪಾರ.

ಆಕೆಯ ಕೈ ಸ್ಟಿಕ್ ಮುಂದಕ್ಕೆ ಒತ್ತಿತು. ಇನ್ನೊಂದು ಕೈ ಟಾರ್ಚ್ ಬೆಳಕಿನಲ್ಲಿ ಕಾಕ್ ಹುಡುಕಿ ತಿರುಗಿಸಿತು. ಆಲ್ಟಿಮೀಟರ್ ಮುಳ್ಳು ಇಳೀತಾ ಇತ್ತು. ಖಾಲಿ ಟ್ಯಾಂಕಿನಿಂದ ಪೈಪಿಗೆ ಗಾಳಿ ಸೇರಿರುತ್ತೆ, ಕಾಕ್ ತೆರೆದ ಕೂಡಲೇ ಪೆಟ್ರೋಲ್ ಸಿಲಿಂಡರ್ ತನಕ ಬರಲ್ಲ, ಸ್ವಲ್ಪ ಹೊತ್ತು ಬೇಕು. ಅಲ್ಲಿಯ ತನಕ ಮೂತಿ ಕೆಳಗೆ ಇಟ್ಟಿದ್ದರಿಂದ ಇನ್ನೊಂದು ಲಾಭ ಇದೆ. ನುಗ್ಗಿ ಬರೋ ಗಾಳಿ ಪ್ರೊಪೆಲ್ಲರನ್ನು ತಿರುಗಿಸ್ತಾ ಇರುತ್ತೆ, ಅದರ ಜೊತೆ ಇಂಜಿನ್ ಮತ್ತು ಮ್ಯಾಗ್ನೆಟೋ ಕೂಡ ತಿರುಗುತ್ತೆ. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ತಿರುಗಿದರೆ ಸಾಕು, ಕಿಡಿ ಕೊಡುತ್ತೆ. ಬ್ಯಾಟರಿ ಡೌನ್ ಆದ ಬೈಕನ್ನು ಇಳಿಜಾರಿನಲ್ಲಿ ತಳ್ಳಿ ಗೇರ್ ಹಾಕಿ ಕ್ಲಚ್ ಬಿಡ್ತೀವಲ್ಲ, ಹೆಚ್ಚುಕಮ್ಮಿ ಅದೇ. ನೀರು ಕೆಲವೇ ನೂರು ಅಡಿ ಕೆಳಗೆ ಇರುವಾಗ ಇಂಜಿನ್ ಹಿಡಿಯಿತು. ಮತ್ತೆ ಮೇಲೆದ್ದಳು. ಎಲ್ಲ ಸೇರಿ ಅರ್ಧ ನಿಮಿಷದ ಆಸುಪಾಸು ಇರಬಹುದು.

ಈಗಲೂ ಒಂದೇ ಇಂಜಿನ್ನಿನ ವಿಮಾನ ಕಲಿಯೋರಿಗೆ ಹೇಳಿಕೊಡೋ ಕ್ರಮ ಇದೇ. ಮೊದಲು ವೇಗ ಕಾಪಾಡು. ಆಮೇಲೆ ಇಳಿಯೋಕೆ ಜಾಗ ಹುಡುಕು. ಅದಾದ ಮೇಲೆ ಟ್ಯಾಂಕ್ ಬದಲಾಯಿಸು, ಕಾರ್ಬ್ಯುರೇಟರ್‌ಗೆ ಬಿಸಿ ಕೊಡು, ಮಿಕ್ಸ್ಚರ್ ನೋಡು, ಮ್ಯಾಗ್ನೆಟೋ ನೋಡು. ರೇಡಿಯೋದಲ್ಲಿ ಕೂಗೋದು ಕೊನೆಗೆ. ಲ್ಯಾಬಿನಲ್ಲಿ ನಾವು ಮೊದಲು ಮಾಡಿದ್ದೇ ಕೂಗಿದ್ದು.

ಮಿಕ್ಕ ರಾತ್ರಿ ಉದ್ದ. ಪಶ್ಚಿಮಕ್ಕೆ ಹಾರುವವರಿಗೆ ರಾತ್ರಿ ಬೇಗ ಮುಗಿಯಲ್ಲ, ಸೂರ್ಯ ಹಿಂದಿನಿಂದ ಅಟ್ಟಿಸಿಕೊಂಡು ಬರಬೇಕು. ಹೊರಗೆ ಏನೂ ಕಾಣಲ್ಲ, ಮಿಣುಕೋ ಡಯಲ್‌ಗಳನ್ನು ನಂಬಿ ಹಾರಿಸಬೇಕು. ಟ್ಯಾಂಕ್ ಆದ ಮೇಲೆ ಟ್ಯಾಂಕ್. ಬೆಳಗಾದ ಮೇಲೂ ಮಂಜು. ಕೊನೆಗೆ ಮಂಜು ಸರಿದು ಉತ್ತರ ಅಮೆರಿಕದ ಕರಾವಳಿ ಕಂಡಿತು. ಬದುಕಿದೆ ಅಂತ ಅನಿಸೋ ಹೊತ್ತು.

ಆಗ ಇಂಜಿನ್ ಮತ್ತೆ ಕೆಮ್ಮಿತು. ಈಗ ಓಡ್ತಾ ಇದ್ದದ್ದು ಕೊನೇ ಟ್ಯಾಂಕ್. ಅದರಲ್ಲಿ ಪೆಟ್ರೋಲ್ ಇರಬೇಕಿತ್ತು, ಲೆಕ್ಕ ಹಾಗಿತ್ತು. ಕಾಕ್ ಮುಚ್ಚಿದಳು, ತೆರೆದಳು. ಖಾಲಿಯಾದ ಟ್ಯಾಂಕ್‌ಗಳ ಕಾಕನ್ನೂ ತಿರುಗಿಸಿ ನೋಡಿದಳು. ಮತ್ತೆ ಮತ್ತೆ ತಿರುಗಿಸಿ ಆ ಲೋಹದ ಹಿಡಿಗಳಿಂದ ಕೈ ಕಿತ್ತು ರಕ್ತ ಬಂತು. ಇಂಜಿನ್ ಸ್ವಲ್ಪ ಹಿಡಿಯೋದು, ಆಗ ಒಂದಷ್ಟು ಎತ್ತರ ಗಳಿಸೋದು, ನಿಲ್ಲೋದು, ಗಳಿಸಿದ್ದನ್ನು ಗ್ಲೈಡ್‌ನಲ್ಲಿ ಖರ್ಚು ಮಾಡೋದು. ಹೀಗೇ ಒಂದೊಂದು ಮೈಲಿ ನೆಲದ ಕಡೆ ಸಾಗಿದಳು. ನೋವಾ ಸ್ಕೋಷಾದ ಸಿಡ್ನಿ ವಿಮಾನ ನಿಲ್ದಾಣ ಇನ್ನು ಕೆಲವೇ ನಿಮಿಷದ ದೂರ. ಅಲ್ಲಿಯ ತನಕ ಎಳೆಯೋ ಆಸೆ ಯಾರಿಗಿರಲ್ಲ? ಆಕೆ ಎಳೆಯಲಿಲ್ಲ. ಇಂಜಿನ್ ಪೂರ್ತಿ ಸತ್ತಾಗ ಕೆಳಗೆ ಕಂಡಿದ್ದು ಬಂಡೆಗಳು, ಬಂಡೆಗಳ ಮಧ್ಯೆ ಒಂದಿಷ್ಟು ಕಪ್ಪು ನೆಲ. ಬಂಡೆ ತಪ್ಪಿಸಿ ಅಲ್ಲೇ ಇಳಿಸಿದಳು. ನೆಲ ಅಂದ್ಕೊಂಡಿದ್ದು ಜೌಗು. ಚಕ್ರ ಹೂತು, ವಿಮಾನ ಮೂತಿ ಮೇಲೆ ಬಿತ್ತು, ಆಕೆಯ ತಲೆ ಮುಂದಿನ ಗಾಜಿಗೆ ಬಡಿಯಿತು. ಹಣೆ ಒಡೆದು ರಕ್ತ, ಸೊಂಟದ ತನಕ ಕೆಸರು. ಜಾಗ ಕೇಪ್ ಬ್ರೆಟನ್ ದ್ವೀಪದ ಬಲೀನ್ ಕೋವ್. ಹೊರಟು 21 ಗಂಟೆ 25 ನಿಮಿಷ ಆಗಿತ್ತು.

ಆಮೇಲೆ ತಿಳಿದ ಕಾರಣ ಇಷ್ಟು. ಕೊನೇ ಟ್ಯಾಂಕಿಗೆ ಗಾಳಿ ಒಳಗೆ ಬರೋ ವೆಂಟ್ ಬಾಯಿಗೆ ಮಂಜುಗಡ್ಡೆ ಕಟ್ಟಿತ್ತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಏನಾಗುತ್ತೆ ಅಂತ ಮನೇಲಿ ನೋಡಿರ್ತೀರಿ. ಗುಳುಗುಳು ಅಂತ ಬಿಟ್ಟು ಬಿಟ್ಟು ಬೀಳುತ್ತೆ, ಆಮೇಲೆ ನಿಲ್ಲುತ್ತೆ. ಅದಕ್ಕೇ ಅಮ್ಮ ಇನ್ನೊಂದು ತೂತು ಹಾಕ್ತಾರೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ಒತ್ತಡ ಕಮ್ಮಿಯಾಗಿ ಪೆಟ್ರೋಲ್ ಅಲ್ಲೇ ನಿಲ್ಲುತ್ತೆ. ಒಂಬತ್ತು ಲೀಟರಿನ ಇಂಜಿನ್‌ನಲ್ಲಿ ಏನೂ ದೋಷ ಇರಲಿಲ್ಲ. ಬೆರಳಿನಷ್ಟು ಜಾಗದ ಮಂಜುಗಡ್ಡೆ. ಅದು ಇದ್ದಿದ್ದು ಹೊರಗೆ, ಆಕೆಯ ಕೈಗೆ ಸಿಗೋ ಕಡೆ ಅಲ್ಲ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಟ್ಯಾಂಕ್ ಖಾಲಿಯಾದರೂ ಅದೇ ಕೆಮ್ಮು, ವೆಂಟ್ ಕಟ್ಟಿದರೂ ಅದೇ ಕೆಮ್ಮು. ಒಳಗೆ ಕೂತವಳಿಗೆ ಎರಡೂ ಒಂದೇ ಥರ ಕೇಳಿಸುತ್ತೆ. ಮೊದಲ ಸಲ ಕಾರಣ ಗೊತ್ತಿತ್ತು, ಮದ್ದೂ ಕೈಯಲ್ಲಿತ್ತು. ಎರಡನೇ ಸಲ ಅದೇ ಮದ್ದನ್ನು ರಕ್ತ ಬರೋ ತನಕ ಮಾಡಿದರೂ ಕೆಲಸ ಮಾಡಲಿಲ್ಲ. ನಮ್ಮ ವೈವಾ ಲೆಕ್ಕದಲ್ಲಿ ಕಾರಣ ಹೇಳದವನಿಗೆ ಸೊನ್ನೆ. ಆಕೆಗೆ ಆ ಹೊತ್ತಿನಲ್ಲಿ ಕಾರಣ ಗೊತ್ತೇ ಆಗಲಿಲ್ಲ. ವಿಮಾನವನ್ನು ಮಾತ್ರ ಕೊನೇ ಅಡಿಯ ತನಕ ಹಾರಿಸ್ತಾನೇ ಇದ್ದಳು.

ಇಂಗ್ಲೆಂಡಿನಿಂದ ಒಬ್ಬಳೇ, ಎಲ್ಲೂ ಇಳಿಯದೆ, ಪೂರ್ವದಿಂದ ಪಶ್ಚಿಮಕ್ಕೆ ಅಟ್ಲಾಂಟಿಕ್ ದಾಟಿದ ಮೊದಲ ಮಹಿಳೆ ಅಂತ ಜಗತ್ತು ಕೊಂಡಾಡಿತು. ಹಣೆಗೆ ಪಟ್ಟಿ ಕಟ್ಟಿಕೊಂಡೇ ನ್ಯೂಯಾರ್ಕ್ ಬೀದಿಗಳಲ್ಲಿ ಮೆರವಣಿಗೆ ಆಯಿತು. ಆದರೆ ಗುರಿ ಇದ್ದದ್ದು ನ್ಯೂಯಾರ್ಕ್ ತನಕ ಹಾರೋದು. ಅಲ್ಲಿಗೆ ತನ್ನ ವಿಮಾನದಲ್ಲಿ ಬರಲಿಲ್ಲ ಅನ್ನೋದು ಆಕೆಗೆ ಸೋಲಾಗಿಯೇ ಕಂಡಿತು. ವಿಮಾನ ರೇಸಿಗೆ ವಾಪಸ್ ಹೋಗೋ ಮಾತಂತೂ ಮುಗಿದೇ ಹೋಗಿತ್ತು. ಆ ರೇಸ್ ಗೆದ್ದದ್ದು ಇನ್ನೊಂದು ವೇಗಾ ಗಲ್ ಅನ್ನೋದು ಬೇರೆ ವಿಷಯ.

ಇಂಗ್ಲೆಂಡಿಗೆ ಮರಳೋ ಹಡಗಿನಲ್ಲಿದ್ದಾಗ ಟಾಮ್ ಸತ್ತ ಸುದ್ದಿ ಬಂತು. ಸೆಪ್ಟೆಂಬರ್ 19, ಲಿವರ್‌ಪೂಲ್‌ನ ಸ್ಪೀಕ್ ವಿಮಾನ ನಿಲ್ದಾಣ. ಟಾಮ್ ಹಾರುತ್ತಿರಲೂ ಇಲ್ಲ. ಅದೇ ಜೊಹಾನ್ಸ್‌ಬರ್ಗ್ ರೇಸಿಗೆ ಅಂತ ಸಿದ್ಧ ಮಾಡಿದ್ದ ತನ್ನ ವಿಮಾನದಲ್ಲಿ ನೆಲದ ಮೇಲೆ ಇದ್ದಾಗ, ನೆಲದ ಮೇಲೆಯೇ ಬರ್ತಾ ಇದ್ದ ವಾಯುಪಡೆಯ ವಿಮಾನ ಡಿಕ್ಕಿ ಹೊಡೆಯಿತು. ಜೌಗಿನಲ್ಲಿ ಬಿದ್ದವನನ್ನು ಹುಡುಕಿ ತಂದವನು, ಎಷ್ಟು ಮರುಭೂಮಿ ದಾಟಿದವನು. ಬೆರಿಲ್ ಅಟ್ಲಾಂಟಿಕ್ ದಾಟಿ ಎರಡು ವಾರ ಆಗಿತ್ತು. ಆಮೇಲೆ ಆಕೆ ಇಂಥ ದೊಡ್ಡ ಹಾರಾಟ ಇನ್ನೊಂದು ಮಾಡಲಿಲ್ಲ.

ಮೆಸೆಂಜರ್ ವಿಮಾನದ ಕಥೆ ನಮಗೆ ಸ್ವಲ್ಪ ಚುಚ್ಚಿತು. ಆಕೆಯ ಪುಸ್ತಕದ ಪ್ರಕಾರ ಅದನ್ನು ಆಮೇಲೆ ಒಬ್ಬ ಶ್ರೀಮಂತ ಭಾರತೀಯ ಕೊಂಡ. ವಿಮಾನದ ಬಗ್ಗೆ ಆತನಿಗೆ ತಿಳುವಳಿಕೆ ಇರಲಿಲ್ಲ. ದಾರ್ ಎಸ್ ಸಲಾಮ್‌ನ ಸಮುದ್ರದ ಉಪ್ಪುಗಾಳಿಯಲ್ಲಿ ಹಾಗೇ ನಿಲ್ಲಿಸಿಬಿಟ್ಟ. ಇಂಜಿನ್ ತುಕ್ಕು ಹಿಡಿಯಿತು, ರೆಕ್ಕೆ ಕೊಳೆಯಿತು.

ಪುಸ್ತಕ ಅಂದ್ರೆ 1942ರಲ್ಲಿ ಬಂದ ವೆಸ್ಟ್ ವಿತ್ ದ ನೈಟ್. ಆಗ ಯುದ್ಧದ ಕಾಲ, ಪುಸ್ತಕ ಬಂದಿದ್ದೂ ಹೋಗಿದ್ದೂ ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ. ಆಕೆ ಕೀನ್ಯಾಕ್ಕೆ ಮರಳಿ ಮತ್ತೆ ಕುದುರೆಗಳ ಹತ್ತಿರ ಹೋದಳು, ಮತ್ತೆ ಡರ್ಬಿ ಮೇಲೆ ಡರ್ಬಿ ಗೆದ್ದಳು. ವಯಸ್ಸಾದ ಮೇಲೆ ದುಡ್ಡಿಲ್ಲದೆ ನೈರೋಬಿಯ ರೇಸ್‌ಕೋರ್ಸ್ ಪಕ್ಕದ ಒಂದು ಸಣ್ಣ ಮನೆಯಲ್ಲಿದ್ದಳು. ಆಗ ಕ್ಯಾಲಿಫೋರ್ನಿಯಾದ ಹೋಟೆಲ್ ಮಾಲೀಕನೊಬ್ಬ ಹೆಮಿಂಗ್ವೇ ಬರೆದ ಹಳೆಯ ಕಾಗದವೊಂದನ್ನು ಓದಿದ. ಅದರಲ್ಲಿ ಈ ಪುಸ್ತಕದ ಬಗ್ಗೆ ಹೆಮಿಂಗ್ವೇ ಹೊಟ್ಟೆಕಿಚ್ಚು ಪಟ್ಟುಕೊಂಡ ಹಾಗೆ ಹೊಗಳಿದ್ದ. ಮಾಲೀಕ ಹಠ ಹಿಡಿದು ಹುಡುಕಿಸಿ 1983ರಲ್ಲಿ ಮತ್ತೆ ಅಚ್ಚು ಹಾಕಿಸಿದ. ಈ ಸಲ ಚೆನ್ನಾಗಿ ಮಾರಾಟವಾಯಿತು, ಕೊನೇ ವರ್ಷಗಳಲ್ಲಿ ಆಕೆಗೆ ನಾಲ್ಕು ಕಾಸು ಸಿಕ್ಕಿತು. ಪುಸ್ತಕ ಬರೆದದ್ದು ಆಕೆಯಲ್ಲ, ಮೂರನೇ ಗಂಡ ಅಂತ ಜಗಳ ಆಡುವವರು ಇವತ್ತಿಗೂ ಇದ್ದಾರೆ. ವಾಕ್ಯ ಯಾರು ತಿದ್ದಿದರೋ ನಾವು ಹೇಳೋಕೆ ಆಗಲ್ಲ. ಆ ರಾತ್ರಿ ಕಾಕ್ ತಿರುಗಿಸಿದ ಕೈ ಯಾರದು ಅನ್ನೋದರಲ್ಲಿ ಮಾತ್ರ ಜಗಳ ಇಲ್ಲ. 1986ರ ಆಗಸ್ಟ್ 3ರಂದು ನೈರೋಬಿಯಲ್ಲಿ ತೀರಿಕೊಂಡಳು. ಶುಕ್ರ ಗ್ರಹದ ಒಂದು ಕುಳಿಗೆ ಈಗ ಆಕೆಯ ಹೆಸರಿದೆ.

ಜೌಗಿನಲ್ಲಿ ಮೂತಿ ಹೂತು, ಬಾಲ ಮೇಲೆತ್ತಿ ನಿಂತ ಮೆಸೆಂಜರ್‌ನ ಕಪ್ಪು-ಬಿಳುಪು ಫೋಟೋ ಒಂದಿದೆ. ಅದನ್ನು ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಮೇಲೆ ದೊಡ್ಡದು ಮಾಡಿ ಆ ವೆಂಟ್ ಎಲ್ಲಿರಬಹುದು ಅಂತ ನಾವು ಐದೂ ಜನ ತುಂಬ ಹೊತ್ತು ಹುಡುಕಿದ್ವಿ. ಸಿಗಲಿಲ್ಲ.